ಕುಸಿದದ್ದೋ, ಕೆಡವಿದ್ದೋ? ವಿನಾಶವಾಚಿ ಇಂಗ್ಲಿಷ್ ಪದಗಳ ಚರಿತ್ರೆ ಮತ್ತು ಅವುಗಳ ಲಿಥುವೇನಿಯನ್ ಸಂವಾದಿಗಳು

ಸಾರಾಂಶ

ವಿನಾಶ ಮತ್ತು ಹಾನಿಯನ್ನು ಸೂಚಿಸುವ ಇಂಗ್ಲಿಷ್ ಪದಗಳು ಬಹುಮಟ್ಟಿಗೆ ಎರವಲು ಪದಗಳು. ಯುದ್ಧ, ನ್ಯಾಯಾಲಯ ಮತ್ತು ಲ್ಯಾಟಿನ್ ವಿದ್ವತ್ತಿನ ಮೂಲಕ ಅವು ಪದರಪದರವಾಗಿ ಆ ಭಾಷೆಗೆ ಬಂದು ಸೇರಿವೆ. ಲಿಥುವೇನಿಯನ್ ಭಾಷೆಯು ಇದೇ ಅರ್ಥಕ್ಷೇತ್ರವನ್ನು ಪ್ರಧಾನವಾಗಿ ತನ್ನ ದೇಶೀಯ ಧಾತುಗಳಿಂದ, ಅಕರ್ಮಕ ಮತ್ತು ಪ್ರೇರಣಾರ್ಥಕ ಕ್ರಿಯಾಪದಗಳ ಜೋಡಿಗಳಾಗಿ ಕಟ್ಟಿಕೊಂಡಿದೆ. ಈ ಎರಡು ವ್ಯವಸ್ಥೆಗಳ ಚರಿತ್ರೆಯನ್ನು ಹೋಲಿಸಿ, ವಿನಾಶದ ಕರ್ತೃವನ್ನು ಹೇಳುವ ಅಥವಾ ಮರೆಮಾಚುವ ಅವಕಾಶವನ್ನು ಪ್ರತಿಯೊಂದು ಭಾಷೆಯೂ ಹೇಗೆ ಒದಗಿಸುತ್ತದೆ ಎಂಬುದನ್ನು ವಿಲ್ನಿಯಸ್ ನಗರದ ಮೂರು ನಿರ್ಮಾಣಗಳ ಇತಿಹಾಸದ ಮೂಲಕ ಈ ಲೇಖನವು ಪರಿಶೀಲಿಸುತ್ತದೆ.

1. ಪೀಠಿಕೆ

ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್‌ನಲ್ಲಿ 17ನೇ ಶತಮಾನದಲ್ಲಿ ಕಟ್ಟಿದ ಒಂದು ಮಹಾ ಸಿನಗಾಗ್ ಇತ್ತು. ಇಂದು ಅದು ಇಲ್ಲ. ಅದರ ಕುರಿತು ‘ಯುದ್ಧದಲ್ಲಿ ನಾಶವಾಯಿತು’ ಎಂದು ಒಬ್ಬರು ಬರೆದರೆ ಓದುಗರು ಒಪ್ಪಿಕೊಂಡು ಮುಂದೆ ಸಾಗುತ್ತಾರೆ. ನಡೆದ ಸಂಗತಿ ಬೇರೆ. ಎರಡನೆಯ ಮಹಾಯುದ್ಧದಲ್ಲಿ ಆ ಕಟ್ಟಡವು ತೀವ್ರವಾಗಿ ಜಖಂಗೊಂಡಿತು. ಆದರೆ ಅದರ ಗೋಡೆಗಳು ನಿಂತೇ ಇದ್ದವು. ಅವುಗಳನ್ನು ನೆಲಸಮ ಮಾಡಿದ್ದು ಯುದ್ಧ ಮುಗಿದು ಸುಮಾರು ಒಂದು ದಶಕ ಕಳೆದ ಮೇಲೆ, 1950ರ ದಶಕದ ಮಧ್ಯಭಾಗದಲ್ಲಿ, ಸೋವಿಯತ್ ಆಡಳಿತ. ‘ನಾಶವಾಯಿತು’ ಎಂಬ ಒಂದೇ ಕ್ರಿಯಾಪದವು ಎರಡು ಕಾಲಗಳನ್ನೂ ಇಬ್ಬರು ಕರ್ತೃಗಳನ್ನೂ ಒಂದರೊಳಗೊಂದು ಕರಗಿಸಿಬಿಡುತ್ತದೆ.

ಇದು ಕೇವಲ ಬರಹಗಾರರ ಅಜಾಗರೂಕತೆಯಿಂದ ಆಗುವ ತಪ್ಪಲ್ಲ ಎಂಬುದು ಈ ಲೇಖನದ ನಿಲುವು. ಯಾವ ಭಾಷೆಯಲ್ಲಿ ಯಾವ ಪದಗಳು ಸುಲಭವಾಗಿ ಕೈಗೆ ಸಿಗುತ್ತವೆ, ಆ ಪದಗಳು ಯಾವ ವ್ಯಾಕರಣ ವಿನ್ಯಾಸವನ್ನು ಬೇಡುತ್ತವೆ ಎಂಬುದೂ ಇತಿಹಾಸ ನಿರೂಪಣೆಯನ್ನು ಪ್ರಭಾವಿಸುತ್ತದೆ. ಈ ದೃಷ್ಟಿಯಿಂದ ಇಂಗ್ಲಿಷ್ ಮತ್ತು ಲಿಥುವೇನಿಯನ್ ಭಾಷೆಗಳ ಹೋಲಿಕೆ ಫಲಪ್ರದವಾದುದು. ಎರಡೂ ಇಂಡೋ-ಯುರೋಪಿಯನ್ ಕುಟುಂಬಕ್ಕೆ ಸೇರಿದವು. ಒಂದು ತನ್ನ ಶಬ್ದಸಂಪತ್ತನ್ನು ಹೆಚ್ಚು ಹೊಸತಾಗಿಸಿಕೊಂಡ ಭಾಷೆ. ಇನ್ನೊಂದು ಆ ಕುಟುಂಬದ ಜೀವಂತ ಭಾಷೆಗಳಲ್ಲಿ ಪ್ರಾಚೀನ ರೂಪಗಳನ್ನು ಹೆಚ್ಚು ಉಳಿಸಿಕೊಂಡವುಗಳಲ್ಲಿ ಒಂದೆಂದು ತೌಲನಿಕ ಭಾಷಾವಿಜ್ಞಾನಿಗಳು ಗೌರವಿಸುವ ಭಾಷೆ. ಕನ್ನಡವು ದ್ರಾವಿಡ ಕುಟುಂಬದ್ದಾದರೂ ಸಂಸ್ಕೃತದಿಂದ ಪಡೆದ ಪದಗಳ ಮೂಲಕ ಲಿಥುವೇನಿಯನ್ ಧಾತುಗಳ ಬಂಧುಗಳನ್ನು ತನ್ನೊಳಗೆ ಇಟ್ಟುಕೊಂಡಿದೆ. ಆದ್ದರಿಂದ ಕನ್ನಡ ಓದುಗರಿಗೆ ಈ ಹೋಲಿಕೆ ಮೊದಲ ನೋಟಕ್ಕೆ ಕಾಣುವಷ್ಟು ದೂರದ್ದಲ್ಲ.

ಇಲ್ಲಿ ಲಿಥುವೇನಿಯನ್ ಪದಗಳನ್ನು ಉಚ್ಚಾರಣೆಗೆ ಸಮೀಪವಾಗುವಂತೆ ಕನ್ನಡ ಲಿಪಿಯಲ್ಲಿ ಬರೆಯಲಾಗಿದೆ. ಕ್ರಿಯಾಪದಗಳ ಕೊನೆಯ ‘-ತಿ’ ಭಾವಾರ್ಥಕ ಪ್ರತ್ಯಯ. ಅದಕ್ಕೂ ಸಂಸ್ಕೃತದ ‘ಗಚ್ಛತಿ’ ಮುಂತಾದ ರೂಪಗಳ ‘ತಿ’ಗೂ ಸಂಬಂಧ ಕಲ್ಪಿಸಬಾರದು.

2. ಇಂಗ್ಲಿಷಿನ ಪದರಗಳು

ಹಳೆಯ ಇಂಗ್ಲಿಷಿನಲ್ಲಿ ವಿನಾಶವನ್ನು ಹೇಳಲು ಜರ್ಮಾನಿಕ್ ಪದಗಳು ಧಾರಾಳವಾಗಿದ್ದವು. ‘ಬ್ರೆಕನ್’ ಇಂದಿನ ‘ಬ್ರೇಕ್’ ಆಗಿ ಉಳಿದಿದೆ. ‘ಹೆಅರ್ಮ್’ ಎಂಬುದು ‘ಹಾರ್ಮ್’ ಆಗಿದೆ. ‘ಸ್ಪಿಲ್ಲನ್’ ಎಂಬ ಕ್ರಿಯಾಪದದ ಕತೆ ಹೆಚ್ಚು ವಿಚಿತ್ರವಾದುದು. ಅದರ ಅರ್ಥ ‘ಕೊಲ್ಲು, ನಾಶಮಾಡು’ ಎಂದಿತ್ತು. ಮುಂದೆ ಅದು ‘ರಕ್ತ ಹರಿಸು’ ಎಂಬಲ್ಲಿಗೆ ಸಂಕುಚಿತಗೊಂಡು, ಕೊನೆಗೆ ಯಾವುದೇ ದ್ರವವನ್ನು ಚೆಲ್ಲುವುದಕ್ಕೆ ಅನ್ವಯವಾಯಿತು. ಇಂದು ಹಾಲು ಚೆಲ್ಲಿದಾಗ ಇಂಗ್ಲಿಷರು ಬಳಸುವ ‘ಸ್ಪಿಲ್’ ಪದದ ಹಿಂದೆ ಒಂದು ಕೊಲೆಯ ನೆನಪಿದೆ.

ಹಳೆಯ ಇಂಗ್ಲಿಷ್ ತನ್ನ ಕ್ರಿಯಾಪದಗಳಿಗೆ ‘ಫೊರ್-’ ಮತ್ತು ‘ತೋ-’ ಎಂಬ ಉಪಸರ್ಗಗಳನ್ನು ಸೇರಿಸಿ ಪೂರ್ಣ ವಿನಾಶದ ಅರ್ಥವನ್ನು ಪಡೆಯುತ್ತಿತ್ತು. ‘ಬ್ರೆಕನ್’ ಎಂದರೆ ಮುರಿ. ‘ತೋಬ್ರೆಕನ್’ ಎಂದರೆ ಚೂರುಚೂರಾಗಿ ಮುರಿ. ‘ಸ್ಪಿಲ್ಲನ್’ ಇದ್ದಂತೆಯೇ ‘ಫೊರ್‌ಸ್ಪಿಲ್ಲನ್’ ಇತ್ತು. ಈ ಉಪಸರ್ಗ ವ್ಯವಸ್ಥೆ ಮಧ್ಯಕಾಲದಲ್ಲಿ ಕ್ಷೀಣಿಸಿತು. ‘ಫರ್ಲಾರ್ನ್’ ಮುಂತಾದ ಬೆರಳೆಣಿಕೆಯ ಪದಗಳಲ್ಲಿ ಮಾತ್ರ ಅದರ ಪಳೆಯುಳಿಕೆ ಇದೆ.

ತೆರವಾದ ಜಾಗಕ್ಕೆ 1066ರ ನಾರ್ಮನ್ ವಿಜಯದ ತರುವಾಯ ಫ್ರೆಂಚ್ ಪದಗಳು ಬಂದವು. ‘ಡಿಸ್ಟ್ರಾಯ್’ ಸುಮಾರು 1200ರ ಹೊತ್ತಿಗೆ, ‘ಡ್ಯಾಮೇಜ್’ ಸುಮಾರು 1300ರ ಹೊತ್ತಿಗೆ ಇಂಗ್ಲಿಷ್ ಬರಹಗಳಲ್ಲಿ ಕಾಣಿಸಿಕೊಳ್ಳುತ್ತವೆ. ಮೊದಲನೆಯದರ ಮೂಲ ಲ್ಯಾಟಿನಿನ ‘ದೆಸ್ತ್ರುಎರೆ’. ‘ಸ್ತ್ರುಎರೆ’ ಎಂದರೆ ಒಂದರ ಮೇಲೊಂದು ಪೇರಿಸು, ಕಟ್ಟು. ‘ದೆ-’ ಅದರ ವಿಪರೀತವನ್ನು ಸೂಚಿಸುತ್ತದೆ. ಕನ್ನಡದ ಮಾತಿನಲ್ಲಿ ಬೆರೆತುಹೋಗಿರುವ ‘ಸ್ಟ್ರಕ್ಚರ್’ ಮತ್ತು ‘ಡಿಸ್ಟ್ರಾಯ್’ ಒಂದೇ ಧಾತುವಿನ ಮಕ್ಕಳು. ‘ರೂಯಿನ್’ ಪದದ ಮೂಲ ಲ್ಯಾಟಿನಿನ ‘ರುಎರೆ’, ಅಂದರೆ ರಭಸದಿಂದ ಬೀಳು. 16 ಮತ್ತು 17ನೇ ಶತಮಾನಗಳಲ್ಲಿ ವಿದ್ವಾಂಸರು ಲ್ಯಾಟಿನಿನಿಂದ ನೇರವಾಗಿಯೂ ಫ್ರೆಂಚಿನ ಮೂಲಕವೂ ‘ಡೆಮಾಲಿಶ್’, ‘ಡೆವಸ್ಟೇಟ್’ ಮುಂತಾದ ಪದಗಳನ್ನು ತಂದುಕೊಂಡರು.

ಹೀಗಾಗಿ ಇಂಗ್ಲಿಷಿನಲ್ಲಿ ಒಂದೇ ಅರ್ಥಕ್ಷೇತ್ರ ಮೂರು ಅಂತಸ್ತಿನ ಮನೆಯಂತಿದೆ: ಕೆಳಗೆ ದೇಶೀಯ ‘ಬ್ರೇಕ್’, ನಡುವೆ ಫ್ರೆಂಚಿನ ‘ಡಿಸ್ಟ್ರಾಯ್’, ಮೇಲೆ ಲ್ಯಾಟಿನಿನ ‘ಡೆವಸ್ಟೇಟ್’. ಮೇಲೇರಿದಂತೆ ಪದವು ಗಂಭೀರವೂ ಅಮೂರ್ತವೂ ಆಗುತ್ತದೆ. ಅದರ ಜೊತೆಗೆ ಒಂದು ಮುಖ್ಯ ವ್ಯಾಕರಣ ಗುಣವೂ ಬದಲಾಗುತ್ತದೆ. ‘ಬ್ರೇಕ್’ ಸಕರ್ಮಕವೂ ಹೌದು, ಅಕರ್ಮಕವೂ ಹೌದು: ಹುಡುಗ ಬಟ್ಟಲು ಒಡೆದ, ಬಟ್ಟಲು ಒಡೆಯಿತು ಎಂಬ ಎರಡೂ ವಾಕ್ಯಗಳನ್ನು ಅದರಿಂದ ರಚಿಸಬಹುದು. ಕನ್ನಡದ ‘ಒಡೆ’, ‘ಮುರಿ’ ಧಾತುಗಳೂ ಇದೇ ಬಗೆಯವು. ‘ಡಿಸ್ಟ್ರಾಯ್’ ಮತ್ತು ‘ಡೆಮಾಲಿಶ್’ ಸಕರ್ಮಕ ಮಾತ್ರ. ಕರ್ತೃವನ್ನು ಹೇಳಲು ಇಷ್ಟವಿಲ್ಲದಿದ್ದರೆ ಅವುಗಳನ್ನು ಕರ್ಮಣಿ ಪ್ರಯೋಗಕ್ಕೆ ತಿರುಗಿಸುವುದೇ ಮುಖ್ಯ ದಾರಿ. ಇತಿಹಾಸದ ಇಂಗ್ಲಿಷ್ ಗದ್ಯದಲ್ಲಿ ಕರ್ತೃರಹಿತ ಕರ್ಮಣಿ ವಾಕ್ಯಗಳಿಗೆ ಸಿಕ್ಕಿರುವ ಸಲಿಗೆಗೆ ಈ ಎರವಲು ಕ್ರಿಯಾಪದಗಳ ಸ್ವಭಾವವೂ ಒಂದು ಕಾರಣವೆಂದು ಭಾವಿಸಬಹುದು.

3. ಯುದ್ಧಭೂಮಿಯಿಂದ ನ್ಯಾಯಾಲಯಕ್ಕೆ

ಇಂಗ್ಲಿಷಿನ ಹಾನಿವಾಚಿ ಪದಗಳು ಅರ್ಥ ಪಡೆದುಕೊಂಡ ಸ್ಥಳಗಳು ಎರಡು: ಯುದ್ಧಭೂಮಿ ಮತ್ತು ನ್ಯಾಯಾಲಯ. 1069–70ರಲ್ಲಿ ಮೊದಲನೆಯ ವಿಲಿಯಂ ಉತ್ತರ ಇಂಗ್ಲೆಂಡನ್ನು ಸುಟ್ಟು ಸೂರೆಮಾಡಿದ. 1086ರ ಡೂಮ್ಸ್‌ಡೇ ಗ್ರಂಥದಲ್ಲಿ ಯಾರ್ಕ್‌ಷೈರಿನ ಅನೇಕ ಊರುಗಳ ಎದುರು ‘ವಸ್ತ’ ಎಂಬ ಲ್ಯಾಟಿನ್ ಪದವಿದೆ. ‘ಪಾಳು’ ಎಂದು ಅದನ್ನು ಅನುವಾದಿಸಬಹುದು. ಆದರೆ ಈ ಪಾಳು ಯುದ್ಧದಿಂದಾದದ್ದೋ ಅಥವಾ ಆ ಊರಿನಿಂದ ಕಂದಾಯ ಬರುತ್ತಿರಲಿಲ್ಲ ಎಂಬ ಲೆಕ್ಕಪತ್ರದ ಸೂಚನೆ ಮಾತ್ರವೋ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಚರ್ಚೆಯಿದೆ. ಆ ಪದ ಸ್ಥಿತಿಯನ್ನು ಹೇಳುತ್ತದೆ, ಕಾರಣವನ್ನು ಹೇಳುವುದಿಲ್ಲ. ‘ವಸ್ತುಸ್’ ಎಂದರೆ ಮೂಲತಃ ಖಾಲಿ, ನಿರ್ಜನ. ಅದರಿಂದಲೇ ‘ವೇಸ್ಟ್’, ‘ಡೆವಸ್ಟೇಟ್’ ಮತ್ತು ‘ವಿಶಾಲ’ ಎಂಬ ಅರ್ಥದ ‘ವಾಸ್ಟ್’ ಪದಗಳು ಬಂದಿವೆ. ಹಳಗನ್ನಡದ ‘ಪಾೞ್’, ಇಂದಿನ ‘ಪಾಳು’ ಮತ್ತು ‘ಹಾಳು’ ಇದೇ ಹಾದಿಯವು: ನಿರ್ಜನತೆಯಿಂದ ವಿನಾಶದ ಕಡೆಗೆ. ‘ಊರು ಹಾಳಾಯಿತು’ ಎಂಬಲ್ಲಿಯೂ ಹಾಳುಮಾಡಿದವರ ಹೆಸರಿಲ್ಲ.

‘ವೇಸ್ಟ್’ ಮುಂದೆ ಇಂಗ್ಲಿಷ್ ಕಾನೂನಿನ ಪಾರಿಭಾಷಿಕವಾಯಿತು. ಜಮೀನನ್ನು ಅವಧಿಗೆ ಪಡೆದವನು ಮರ ಕಡಿದು, ಮನೆ ಕೆಡವಿ ಮಾಲೀಕನ ಸ್ವತ್ತಿನ ಬೆಲೆಯನ್ನು ಕುಗ್ಗಿಸಿದರೆ ಅದು ‘ವೇಸ್ಟ್’. 1278ರ ಗ್ಲಾಸ್ಟರ್ ಶಾಸನ ಅದಕ್ಕೆ ಮೂರು ಪಟ್ಟು ಪರಿಹಾರವನ್ನು ವಿಧಿಸಿತು. ‘ರೆಕ್’ ಎಂಬುದೂ ಮೊದಲಿಗೆ ಹಕ್ಕಿನ ಪದವೇ: ದಡಕ್ಕೆ ಕೊಚ್ಚಿಕೊಂಡು ಬಂದ ಸರಕು ಯಾರದು ಎಂಬುದು ಅಲ್ಲಿನ ಪ್ರಶ್ನೆ. ಹಡಗಿನಿಂದ ಒಬ್ಬ ಮನುಷ್ಯನೋ ನಾಯಿಯೋ ಬೆಕ್ಕೋ ಜೀವಸಹಿತ ಪಾರಾದರೆ ಅದನ್ನು ‘ರೆಕ್’ ಎಂದು ಪರಿಗಣಿಸಬಾರದೆಂದು 1275ರ ವೆಸ್ಟ್‌ಮಿನ್‌ಸ್ಟರ್ ಶಾಸನ ಹೇಳಿತು. ‘ಹ್ಯಾವಕ್’ ಸೈನಿಕರು ಲೂಟಿಗಿಳಿಯಲು ಕೂಗುತ್ತಿದ್ದ ಕೂಗು. ಎರಡನೆಯ ರಿಚರ್ಡನ 1385ರ ಯುದ್ಧನಿಯಮಗಳು ಅಪ್ಪಣೆಯಿಲ್ಲದ ಆ ಕೂಗಿಗೆ ಮರಣದಂಡನೆಯನ್ನು ವಿಧಿಸಿದ್ದವು. ‘ಡ್ಯಾಮೇಜ್’ ಪದದ ಮೂಲವಾದ ಲ್ಯಾಟಿನಿನ ‘ದಮ್ನುಮ್’ ನಷ್ಟವನ್ನೂ ದಂಡವನ್ನೂ ಸೂಚಿಸುತ್ತಿತ್ತು. ಇಂದಿಗೂ ಅದರ ಬಹುವಚನ ‘ಡ್ಯಾಮೇಜಸ್’ ಎಂದರೆ ಪರಿಹಾರಧನ. ಹಾನಿಯನ್ನು ಅಳೆದು ಬೆಲೆಕಟ್ಟುವ ಅಭ್ಯಾಸ ಆ ಪದದ ಹುಟ್ಟಿನಲ್ಲಿಯೇ ಇದೆ.

ಲಿಥುವೇನಿಯನ್ ಭಾಷೆಗೆ ಇಂತಹ ನ್ಯಾಯಾಲಯದ ಚರಿತ್ರೆ ಇರಲಿಲ್ಲ. ಲಿಥುವೇನಿಯಾದ ಮಹಾಸಂಸ್ಥಾನದ ಪ್ರಸಿದ್ಧ ಶಾಸನಸಂಹಿತೆಗಳು 1529, 1566 ಮತ್ತು 1588ರಲ್ಲಿ ಸಿದ್ಧವಾದವು. ಅವುಗಳ ಭಾಷೆ ಸ್ಲಾವಿಕ್ ಗುಂಪಿನ ರುಥೇನಿಯನ್. ಜನರ ನುಡಿ ಹೊಲಮನೆಗಳಲ್ಲಿ ಮತ್ತು ಕ್ರಮೇಣ ಧಾರ್ಮಿಕ ಪುಸ್ತಕಗಳಲ್ಲಿ ಉಳಿಯಿತು. ಮಾರ್ತಿನಸ್ ಮಝ್ವೀದಸ್ ಸಿದ್ಧಪಡಿಸಿದ ಮೊದಲ ಲಿಥುವೇನಿಯನ್ ಮುದ್ರಿತ ಪುಸ್ತಕ 1547ರಲ್ಲಿ ಕೋನಿಗ್ಸ್‌ಬರ್ಗಿನಲ್ಲಿ ಹೊರಬಂದಿತು. ಆಡಳಿತದ ಭಾಷೆಯ ಪ್ರಭಾವದಿಂದ ‘ಶ್ಕದ’ ಅಥವಾ ‘ಇಶ್ಕದ’ ಎಂಬ ಹಾನಿವಾಚಿ ಪದ ಲಿಥುವೇನಿಯನ್ನಿಗೆ ಸ್ಲಾವಿಕ್ ಮೂಲದಿಂದ ಬಂದಿತ್ತು. ಸ್ಲಾವಿಕ್ ಭಾಷೆಗಳು ಅದನ್ನು ಹಳೆಯ ಜರ್ಮನ್ನಿನಿಂದ ಪಡೆದಿದ್ದವು. ಅದೇ ಜರ್ಮಾನಿಕ್ ಪದದ ಇನ್ನೊಂದು ಕವಲು ಇಂಗ್ಲಿಷಿನ ‘ಅನ್‌ಸ್ಕೇದ್ಡ್’ ಎಂಬಲ್ಲಿ ಉಳಿದಿದೆ. ನಮ್ಮ ರಸ್ತೆಗಳಲ್ಲಿ ಓಡಾಡುವ ಸ್ಕೋಡಾ ಕಾರಿನ ಹೆಸರಿಗೆ ಕಾರಣವಾದ ಚೆಕ್ ಮನೆತನದ ಹೆಸರೂ ಇದೇ ಪದ.

ಲಿಥುವೇನಿಯನ್ ಪ್ರಮಾಣಭಾಷೆ ರೂಪುಗೊಂಡಾಗ ಈ ಎರವಲು ಹಿಂದೆ ಸರಿದು, ‘ಝಲ’ ಎಂಬ ಪದ ಹಾನಿಯ ಅಧಿಕೃತ ಪಾರಿಭಾಷಿಕವಾಗಿ ಮುಂದೆ ಬಂದಿತು. ‘ಝಲೋತಿ’ ಎಂದರೆ ಅಂಗಗಳಿಗೆ ಗಾಯಮಾಡು. 1992ರ ಸಂವಿಧಾನದ 30ನೆಯ ವಿಧಿಯಲ್ಲಿ ಭೌತಿಕ ಮತ್ತು ನೈತಿಕ ಹಾನಿಗೆ ಪರಿಹಾರವನ್ನು ಕುರಿತು ಹೇಳುವಾಗ ಬಳಸಿರುವುದು ಇದೇ ‘ಝಲ’. ಇಂಗ್ಲಿಷಿನಲ್ಲಿ ನ್ಯಾಯಾಲಯದ ಪದ ಜನರ ಮಾತಿಗೆ ಇಳಿದರೆ, ಲಿಥುವೇನಿಯನ್ನಿನಲ್ಲಿ ಜನರ ಪದ ನ್ಯಾಯಾಲಯಕ್ಕೆ ಏರಿತು.

4. ಜೋಡಿಗಳಾಗಿ ನಿಂತ ಕ್ರಿಯಾಪದಗಳು

ಲಿಥುವೇನಿಯನ್ ವಿನಾಶವಾಚಿಗಳ ವೈಶಿಷ್ಟ್ಯವಿರುವುದು ಅವುಗಳ ಜೋಡಿ ವ್ಯವಸ್ಥೆಯಲ್ಲಿ. ಒಂದು ಧಾತುವಿನಿಂದ ಸ್ವರಪಲ್ಲಟದ ಮೂಲಕ, ಹಲವೊಮ್ಮೆ ಪ್ರತ್ಯಯದ ನೆರವಿನಿಂದ, ಎರಡು ಕ್ರಿಯಾಪದಗಳು ಹುಟ್ಟುತ್ತವೆ: ಒಂದು ತಾನಾಗಿ ಆಗುವುದು, ಇನ್ನೊಂದು ಒಬ್ಬರು ಮಾಡುವುದು. ಮುಖ್ಯವಾದವು ಇವು:

‘ಗ್ರ್ಯೂತಿ’ ಕುಸಿ; ‘ಗ್ರ್ಯಾವ್ತಿ’ ಕೆಡವು.
‘ಲೂಶ್ತಿ’ ಮುರಿದುಹೋಗು, ‘ಲಾವ್ಶ್ತಿ’ ಮುರಿದುಹಾಕು.
‘ನೀಕ್ತಿ’ ಕ್ಷೀಣಿಸು, ಇಲ್ಲವಾಗು, ‘ನೈಕಿನ್ತಿ’ ಇಲ್ಲವಾಗಿಸು.
‘ಗೆಸ್ತಿ’ ಕೆಡು, ‘ಗದಿನ್ತಿ’ ಕೆಡಿಸು.
‘ಇರ್ತಿ’ ಬಿಚ್ಚಿಹೋಗು, ಶಿಥಿಲವಾಗು, ‘ಅರ್ದೀತಿ’ ಬಿಚ್ಚಿಹಾಕು.
‘ಝೂತಿ’ ಮಡಿ, ‘ಝುದೀತಿ’ ಕೊಲ್ಲು.
‘ಮಿರ್ತಿ’ ಸಾಯು, ‘ಮರಿನ್ತಿ’ ಸಾಯಿಸು.

ಕೊನೆಯ ಜೋಡಿಯನ್ನು ಕಂಡಾಗ ಸಂಸ್ಕೃತದ ‘ಮ್ರಿಯತೇ’, ‘ಮಾರಯತಿ’ ರೂಪಗಳು ನೆನಪಾಗುವುದು ಸಹಜ. ಧಾತುವೂ ಒಂದೇ, ಸ್ವರವನ್ನು ಬದಲಿಸಿ ಪ್ರೇರಣಾರ್ಥವನ್ನು ಪಡೆಯುವ ವಿಧಾನವೂ ಒಂದೇ. ಇದೇ ಧಾತುವಿನಿಂದ ಲಿಥುವೇನಿಯನ್ನಿನಲ್ಲಿ ‘ಮಾರಸ್’ ಎಂದರೆ ಪ್ಲೇಗು. ನಮ್ಮ ‘ಮಹಾಮಾರಿ’ ಅದರ ನಂಟು. ‘ಲಾವ್ಶ್ತಿ’ ಪದದ ಧಾತುವಿಗೆ ಸಂಸ್ಕೃತದ ‘ರುಜತಿ’, ಅಂದರೆ ಮುರಿಯುತ್ತಾನೆ, ಜ್ಞಾತಿರೂಪ. ಆ ಸಂಸ್ಕೃತ ಧಾತುವಿನಿಂದ ‘ರೋಗ’ ಮತ್ತು ‘ರುಜೆ’ ಹುಟ್ಟಿವೆ. ದೇಹವನ್ನು ಮುರಿಯುವುದೇ ರೋಗ ಎಂಬ ಕಲ್ಪನೆ ಅಲ್ಲಿದೆ. ಹಳೆಯ ಇಂಗ್ಲಿಷಿನಲ್ಲಿ ‘ಸೀಳಿಹಾಕು’ ಎಂಬ ಅರ್ಥದ ‘ತೋಲೂಕನ್’ ಕೂಡ ಈ ಧಾತುವಿನದೆಂದು ಪರಿಗಣಿತವಾಗಿದೆ. ಇಂಗ್ಲಿಷ್ ಅದನ್ನು ಕಳೆದುಕೊಂಡಿತು. ನಮ್ಮ ಶಾಲಾ ವ್ಯಾಕರಣದ ‘ಲೋಪಸಂಧಿ’ಯಲ್ಲಿಯೂ ಇಂತಹ ಒಂದು ಧಾತು ಅಡಗಿದೆ. ಸಂಸ್ಕೃತದ ‘ಲುಂಪತಿ’ಗೆ ಮುರಿ, ಕಸಿದುಕೊ ಎಂಬ ಅರ್ಥಗಳಿದ್ದು, ಲ್ಯಾಟಿನಿನ ‘ರುಂಪೆರೆ’ಯನ್ನು ಅದರ ಬಂಧುವೆಂದು ತೌಲನಿಕರು ಒಪ್ಪುತ್ತಾರೆ. ಇಂಗ್ಲಿಷಿನ ‘ರಪ್ಚರ್’, ‘ಕರಪ್ಟ್’ ಪದಗಳು ಬಂದದ್ದು ಆ ಲ್ಯಾಟಿನ್ ಧಾತುವಿನಿಂದ.

ಕನ್ನಡಕ್ಕೆ ಈ ಜೋಡಿ ವ್ಯವಸ್ಥೆ ಅಪರಿಚಿತವಲ್ಲ. ‘ಕೆಡು’–‘ಕೆಡಿಸು’, ‘ಅಳಿ’–‘ಅಳಿಸು’, ‘ಕೆಡೆ’–‘ಕೆಡಹು’ ಎಂಬವು ಅದೇ ಬಗೆಯವು. ಇವು ವಂಶಸಂಬಂಧದಿಂದ ಬಂದ ಹೋಲಿಕೆಗಳಲ್ಲ, ರಚನೆಯ ಹೋಲಿಕೆಗಳು. ಆದರೂ ಇಂಗ್ಲಿಷ್ ವಾಕ್ಯವೊಂದನ್ನು ಲಿಥುವೇನಿಯನ್ನಿಗೆ ಅನುವಾದಿಸುವವನು ಎದುರಿಸುವ ಆಯ್ಕೆಯನ್ನು ಕನ್ನಡದ ಅನುವಾದಕ ಚೆನ್ನಾಗಿ ಬಲ್ಲ.

ಒಂದು ಪದವನ್ನು ಪ್ರತ್ಯೇಕವಾಗಿ ಗಮನಿಸಬೇಕು. ‘ಸ್ಪ್ರೋಕ್ತಿ’ ಎಂದರೆ ಸ್ಫೋಟಿಸು. ‘ಚಿಗುರೊಡೆ’ ಎಂಬುದೂ ಅದರ ಅರ್ಥವೇ. ಬಾಂಬು ಸಿಡಿಯುವುದಕ್ಕೂ ವಸಂತದಲ್ಲಿ ಮೊಗ್ಗು ಬಿರಿಯುವುದಕ್ಕೂ ಆ ಭಾಷೆಯಲ್ಲಿ ಕ್ರಿಯಾಪದ ಒಂದೇ. ಸಂಸ್ಕೃತದ ‘ಸ್ಫುಟ್’ ಧಾತುವಿನಲ್ಲಿ ಬಿರಿಯುವುದೂ ಅರಳುವುದೂ ಒಟ್ಟಿಗಿವೆ. ಕನ್ನಡದ ‘ಮೊಳಕೆಯೊಡೆ’, ‘ಚಿಗುರೊಡೆ’ ಎಂಬಲ್ಲಿ ಒಡೆಯುವುದು ಹುಟ್ಟಿನ ಹೆಸರು. ಆದರೆ ಪ್ರೇರಣಾರ್ಥಕ ಪ್ರತ್ಯಯ ಸೇರಿ ‘ಸ್ಪ್ರೋಗ್ದಿನ್ತಿ’ ಆದೊಡನೆ ಈ ದ್ವಂದ್ವ ಮರೆಯಾಗಿ, ಸಿಡಿಮದ್ದಿಟ್ಟು ಉಡಾಯಿಸುವ ಅರ್ಥವೇ ಮುಂದೆ ನಿಲ್ಲುತ್ತದೆ. ಚಿಗುರು ತಾನಾಗಿ ಒಡೆಯುತ್ತದೆ. ಕಟ್ಟಡವನ್ನು ಉಡಾಯಿಸಲು ಒಬ್ಬರು ಬೇಕು.

5. ಉಪಸರ್ಗಗಳು ಹೇಳುವ ಪ್ರಮಾಣ

ಹಳೆಯ ಇಂಗ್ಲಿಷ್ ಕಳೆದುಕೊಂಡ ಉಪಸರ್ಗ ಸಂಪತ್ತನ್ನು ಲಿಥುವೇನಿಯನ್ ಉಳಿಸಿಕೊಂಡಿದೆ. ‘ಸು-’ ಎಂದರೆ ಒಟ್ಟಾಗಿ, ಪೂರ್ಣವಾಗಿ; ‘ನು-’ ಎಂದರೆ ಕೆಳಕ್ಕೆ, ಆಚೆಗೆ; ‘ಇಶ್-’ ಎಂದರೆ ಹೊರಕ್ಕೆ, ನಿಶ್ಶೇಷವಾಗಿ; ‘ಅಪ್-’ ಎಂದರೆ ಸುತ್ತಲೂ, ಮೇಲುಮೇಲೆ, ಭಾಗಶಃ. ‘ದೆಕ್ತಿ’ ಎಂದರೆ ಉರಿ. ಸಂಸ್ಕೃತದ ‘ದಹ್’ ಧಾತುವಿನ ಜ್ಞಾತಿ. ‘ಸುದೆಕ್ತಿ’ ಪೂರ್ತಿ ಸುಟ್ಟು ಬೂದಿಯಾಗು, ‘ನುದೆಕ್ತಿ’ ಸುಟ್ಟು ನೆಲಕ್ಕೊರಗು, ‘ಅಪ್ದೆಕ್ತಿ’ ಮೇಲ್ಭಾಗ ಕರಕಲಾಗು. ಅಪಘಾತದಲ್ಲಿ ಜಜ್ಜಿಹೋದ ವಾಹನದ ಬಗ್ಗೆ ‘ಅಪ್ಗದಿನ್ತಿ’ ಬಳಸಿದರೆ ಅದು ದುರಸ್ತಿಗೆ ಬರುತ್ತದೆಂಬ ನಿರೀಕ್ಷೆಯಿರುತ್ತದೆ. ‘ಸುಗದಿನ್ತಿ’ ಎಂದರೆ ವಸ್ತು ಕೆಟ್ಟೇಹೋಯಿತು. ಇಂಗ್ಲಿಷಿನಲ್ಲಿ ‘ಡ್ಯಾಮೇಜ್’ ಮತ್ತು ‘ಡಿಸ್ಟ್ರಾಯ್’ ಎಂಬ ಎರಡು ಸಂಬಂಧವಿಲ್ಲದ ಪದಗಳು ಮಾಡುವ ಕೆಲಸವನ್ನು ಇಲ್ಲಿ ಒಂದೇ ಧಾತುವಿನ ಎರಡು ಉಪಸರ್ಗಗಳು ಮಾಡುತ್ತವೆ.

ಇಂಗ್ಲಿಷ್ ಈ ಸಾಧನವನ್ನು ಪೂರ್ಣವಾಗಿ ಬಿಟ್ಟುಕೊಟ್ಟಿತೆನ್ನಲಾಗದು. ಕ್ರಿಯಾಪದದ ಹಿಂದಿದ್ದ ಉಪಸರ್ಗದ ಬದಲು ಮುಂದೆ ಒಂದು ಅವ್ಯಯವನ್ನು ಇರಿಸಿಕೊಂಡಿತು: ‘ಬರ್ನ್ ಅಪ್’, ‘ಬರ್ನ್ ಡೌನ್’, ‘ಬ್ರೇಕ್ ಅಪ್’, ‘ಟೇರ್ ಡೌನ್’. ಆದರೆ ಇವು ಮಾತಿನ ಮಟ್ಟದ ಪ್ರಯೋಗಗಳಾಗಿ ಉಳಿದವು. ಶಾಸ್ತ್ರೀಯ ಗದ್ಯ ಲ್ಯಾಟಿನ್ ಪದಗಳನ್ನೇ ನೆಚ್ಚಿಕೊಂಡಿತು.

‘ಒಟ್ಟಾಗಿ’ ಎಂಬ ಅರ್ಥದ ಉಪಸರ್ಗ ಪೂರ್ಣವಿನಾಶವನ್ನು ಸೂಚಿಸುವುದು ಹಲವು ಬಂಧುಭಾಷೆಗಳಲ್ಲಿ ಕಾಣುವ ಬೆಳವಣಿಗೆ. ಲಿಥುವೇನಿಯನ್ನಿನ ‘ಸುಗ್ರ್ಯೂತಿ’, ಅಂದರೆ ಕುಸಿದುಬೀಳು, ಅಕ್ಷರಶಃ ‘ಒಟ್ಟಾಗಿ ಬೀಳು’. ಇಂಗ್ಲಿಷಿನ ‘ಕೊಲ್ಯಾಪ್ಸ್’ ಪದದ ಲ್ಯಾಟಿನ್ ಮೂಲಕ್ಕೂ ಅದೇ ಅಕ್ಷರಾರ್ಥ. ಸಂಸ್ಕೃತದ ‘ಸಂಹಾರ’ ಎಂದರೆ ಮೂಲದಲ್ಲಿ ಒಟ್ಟುಗೂಡಿಸುವುದು, ಒಳಕ್ಕೆ ಸೆಳೆದುಕೊಳ್ಳುವುದು. ಚೆಲ್ಲಿದ್ದನ್ನು ಒಂದೆಡೆ ಸೇರಿಸುವುದೇ ಅಂತ್ಯ ಎಂಬ ಗ್ರಹಿಕೆ ಮೂರು ಕಡೆಯೂ ಇದೆ.

ಖಾಲಿತನದ ರೂಪಕ ಲಿಥುವೇನಿಯನ್ನಿನಲ್ಲಿ ವಿನಾಶದ ಕೇಂದ್ರಕ್ಕೆ ಬಂದಿಲ್ಲ ಎಂಬುದೂ ಗಮನಾರ್ಹ. ‘ತುಶ್ಚಸ್’ ಎಂದರೆ ಖಾಲಿ. ನಮ್ಮ ‘ತುಚ್ಛ’ ಅದರ ಜ್ಞಾತಿ. ಆದರೆ ಸೈನ್ಯ ಒಂದು ನಾಡನ್ನು ಧ್ವಂಸಮಾಡುವುದಕ್ಕೆ ಬಳಸುವ ಒಂದು ಪ್ರಮುಖ ಪದ ‘ನುಸ್ಯಾವ್ಪ್ತಿ’. ಭೀತಿ, ದಿಗಿಲು ಎಂಬ ಅರ್ಥದ ‘ಸ್ಯಾವ್ಬಸ್’ ಅದೇ ಧಾತುವಿನದು. ‘ಡೆವಸ್ಟೇಟ್’ ಉಳಿದುಹೋದ ಖಾಲಿ ನೆಲವನ್ನು ನೋಡುತ್ತದೆ. ‘ನುಸ್ಯಾವ್ಪ್ತಿ’ಯ ಪಕ್ಕದಲ್ಲಿ ಅದನ್ನು ಕಂಡವರ ಭಯ ನಿಂತಿದೆ.

6. ವಿಲ್ನಿಯಸ್‌ನ ಮೂರು ನಿರ್ಮಾಣಗಳು

ಈ ಭೇದಗಳ ಚಾರಿತ್ರಿಕ ಮಹತ್ವವನ್ನು ಮೂರು ನಿದರ್ಶನಗಳಿಂದ ತೋರಿಸಬಹುದು.

ಮೊದಲನೆಯದು ಮಹಾಪ್ರಭುಗಳ ಅರಮನೆ. 1655ರ ಆಗಸ್ಟಿನಲ್ಲಿ ಮಾಸ್ಕೋ ಸೈನ್ಯ ವಿಲ್ನಿಯಸ್ಸನ್ನು ವಶಪಡಿಸಿಕೊಂಡು 1661ರವರೆಗೆ ಹಿಡಿತದಲ್ಲಿಟ್ಟುಕೊಂಡಿತು. ಆ ಅವಧಿಯಲ್ಲಿ ಅರಮನೆ ಧ್ವಂಸಗೊಂಡಿತು. ಮುಂದೆ ದುರಸ್ತಿಯಿಲ್ಲದೆ ಶಿಥಿಲವಾಯಿತು. 1795ರಲ್ಲಿ ನಾಡು ರಷ್ಯಾ ಸಾಮ್ರಾಜ್ಯದ ಪಾಲಾದ ಮೇಲೆ, 1801ರ ಹೊತ್ತಿಗೆ ಅಳಿದುಳಿದ ಗೋಡೆಗಳನ್ನು ಕೆಡವಲಾಯಿತು. ಇಂಗ್ಲಿಷಿನಲ್ಲಿ ಇದನ್ನೆಲ್ಲ ‘ಡಿಸ್ಟ್ರಾಯ್ಡ್’ ಎಂಬ ಒಂದು ಪದದಲ್ಲಿ ಮುಗಿಸಬಹುದು. ಲಿಥುವೇನಿಯನ್ ನಿರೂಪಣೆಗೆ ಮೂರು ಕ್ರಿಯಾಪದಗಳು ಬೇಕಾಗುತ್ತವೆ: ಸೈನ್ಯ ಮಾಡಿದ್ದಕ್ಕೆ ‘ನುಸ್ಯಾವ್ಪ್ತಿ’, ಕಾಲ ಮಾಡಿದ್ದಕ್ಕೆ ‘ಇರ್ತಿ’ ಅಥವಾ ‘ಗ್ರ್ಯೂತಿ’, ಆಡಳಿತ ಮಾಡಿದ್ದಕ್ಕೆ ‘ನುಗ್ರ್ಯಾವ್ತಿ’.

ಎರಡನೆಯದು ನಗರದ ಗುಡ್ಡದ ಮೇಲಿನ ಮೂರು ಶಿಲುಬೆಗಳು. 1916ರಲ್ಲಿ ಕಾಂಕ್ರೀಟಿನಲ್ಲಿ ನಿರ್ಮಿಸಿದ್ದ ಅವುಗಳನ್ನು 1950ರಲ್ಲಿ ಸೋವಿಯತ್ ಆಡಳಿತ ಉರುಳಿಸಿತು. 1989ರಲ್ಲಿ ಮತ್ತೆ ನಿಲ್ಲಿಸಲಾಯಿತು. ಹಳೆಯ ಶಿಲುಬೆಗಳ ತುಂಡುಗಳು ಈಗಲೂ ಇಳಿಜಾರಿನಲ್ಲಿ ಬಿದ್ದಿವೆ. ಇಲ್ಲಿ ಅಕರ್ಮಕ ಕ್ರಿಯಾಪದಕ್ಕೆ ಜಾಗವೇ ಇಲ್ಲ. ಬಳಸಿದರೆ ಅದು ಸುಳ್ಳಾಗುತ್ತದೆ.

ಮೂರನೆಯದು ಪೀಠಿಕೆಯಲ್ಲಿ ಹೇಳಿದ ಮಹಾ ಸಿನಗಾಗ್. ಯುದ್ಧದಲ್ಲಿ ಅದು ‘ಅಪ್-’ ಉಪಸರ್ಗದ ಹಾನಿಗೆ ಒಳಗಾಯಿತು. ಯುದ್ಧಾನಂತರ ‘ನು-’ ಉಪಸರ್ಗದ ವಿನಾಶಕ್ಕೆ. ಆ ಜಾಗದಲ್ಲಿ ಮಕ್ಕಳ ಶಾಲೆಯೊಂದು ಬಂದಿತು. 2018ರ ಉತ್ಖನನದಲ್ಲಿ ಧರ್ಮಗ್ರಂಥ ಪಠಣದ ವೇದಿಕೆಯ ಅವಶೇಷಗಳು ಪತ್ತೆಯಾದವು. ಅಲ್ಲಿ ಪ್ರಾರ್ಥಿಸುತ್ತಿದ್ದ ಸಮುದಾಯದ ಬಹುಪಾಲು ಜನರನ್ನು 1941ರಿಂದ 1944ರವರೆಗಿನ ನಾತ್ಸಿ ಆಕ್ರಮಣದ ಕಾಲದಲ್ಲಿ ನಾತ್ಸಿಗಳೂ ಅವರ ಸ್ಥಳೀಯ ಸಹಚರರೂ ಕೊಂದರು. ನಗರದ ಹೊರವಲಯದ ಪನೆರ್ಯೈ ಕಾಡಿನಲ್ಲಿಯೇ ಹತ್ತಾರು ಸಾವಿರ ಜನರ ಹತ್ಯೆಯಾಯಿತು. ಸೋವಿಯತ್ ಕಾಲದ ಸ್ಮಾರಕ ಅಲ್ಲಿ ಸತ್ತವರನ್ನು ಸೋವಿಯತ್ ನಾಗರಿಕರೆಂದು ಕರೆಯಿತು, ಯಹೂದ್ಯರೆಂದು ಹೇಳಲಿಲ್ಲ. ಕರ್ಮಪದವನ್ನು ಸಾಮಾನ್ಯೀಕರಿಸುವುದೂ ಕರ್ತೃವನ್ನು ಮರೆಸುವಷ್ಟೇ ಪರಿಣಾಮಕಾರಿಯೆಂದು ಆ ಬರಹ ತೋರಿಸುತ್ತದೆ. ‘ಝೂತಿ’ ಮತ್ತು ‘ಝುದೀತಿ’, ಮಡಿದರು ಮತ್ತು ಕೊಂದರು, ಎಂಬ ಎರಡು ಕ್ರಿಯಾಪದಗಳ ನಡುವಿನ ಅಂತರ ಇಲ್ಲಿ ಕೇವಲ ವ್ಯಾಕರಣದ್ದಾಗಿ ಉಳಿಯುವುದಿಲ್ಲ.

ಈ ಪ್ರದೇಶದ ಚರಿತ್ರೆ ಇಂಗ್ಲಿಷಿಗೂ ಒಂದು ಪದವನ್ನು ಕೊಡುವಲ್ಲಿ ಪಾತ್ರ ವಹಿಸಿದೆ. ಹಿಂದಿನ ಲಿಥುವೇನಿಯಾ ಮಹಾಸಂಸ್ಥಾನಕ್ಕೆ ಸೇರಿದ್ದ, ಇಂದು ಬೆಲಾರೂಸಿನಲ್ಲಿರುವ ಪ್ರದೇಶದಲ್ಲಿ 1900ರಲ್ಲಿ ಜನಿಸಿದ ರಾಫೆಲ್ ಲೆಮ್ಕಿನ್, ಜನಾಂಗಗಳ ಹತ್ಯೆಯನ್ನೂ ಸಂಸ್ಕೃತಿಗಳ ಧ್ವಂಸವನ್ನೂ ಅಂತರರಾಷ್ಟ್ರೀಯ ಅಪರಾಧಗಳಾಗಿ ಪರಿಗಣಿಸಬೇಕೆಂದು 1933ರಲ್ಲಿ ಪ್ರಸ್ತಾಪಿಸಿದರು. ಸಂಸ್ಕೃತಿಯ ಧ್ವಂಸಕ್ಕೆ ಅವರು ಆಗ ಬಳಸಿದ ಪದ ‘ವ್ಯಾಂಡಲಿಸಂ’. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ, 1794ರಲ್ಲಿ, ಪಾದ್ರಿ ಗ್ರೆಗ್ವಾರ್ ಚಲಾವಣೆಗೆ ತಂದ ಪದ. 1944ರಲ್ಲಿ ಲೆಮ್ಕಿನ್ ಗ್ರೀಕ್ ಮತ್ತು ಲ್ಯಾಟಿನ್ ಧಾತುಗಳನ್ನು ಸೇರಿಸಿ ‘ಜೆನೊಸೈಡ್’ ಎಂಬ ಹೊಸ ಪದವನ್ನು ಟಂಕಿಸಿದರು. ಇರುವ ಪದಗಳೆಲ್ಲ ಸಾಲದಾದಾಗ ಒಬ್ಬ ನ್ಯಾಯವಾದಿ ಹೊಸ ಪದವನ್ನು ಮಾಡಬೇಕಾಯಿತು. ಲಿಥುವೇನಿಯನ್ ಭಾಷೆ ಅದನ್ನು ‘ಗೆನೊಸಿದಸ್’ ಎಂದು ಸ್ವೀಕರಿಸಿದೆ.

7. ಭಾಷೆಗಳು ಅಳಿಯುತ್ತವೆಯೇ?

‘ನೀಕ್ತಿ’ ಮತ್ತು ‘ನೈಕಿನ್ತಿ’ ಜೋಡಿ ಭಾಷಾವಿಜ್ಞಾನಿಗಳಿಗೆ ಇನ್ನೂ ಹತ್ತಿರದ ಪ್ರಶ್ನೆಯನ್ನು ಒಡ್ಡುತ್ತದೆ. ಅಳಿವಿನಂಚಿನ ಭಾಷೆಗಳನ್ನು ಲಿಥುವೇನಿಯನ್ನಿನಲ್ಲಿ ‘ನೀಕ್ತಿ’ ಧಾತುವಿನಿಂದ, ಅಂದರೆ ತಾವಾಗಿ ಕ್ಷೀಣಿಸುವ ಭಾಷೆಗಳೆಂದು ಕರೆಯುತ್ತಾರೆ. ಲಿಥುವೇನಿಯನ್ನಿನ ಹತ್ತಿರದ ಸಂಬಂಧಿಯಾದ ಹಳೆಯ ಪ್ರಷ್ಯನ್ 18ನೇ ಶತಮಾನದ ಆದಿಯಲ್ಲಿ ಅಳಿಯಿತು. 1545 ಮತ್ತು 1561ರ ಧರ್ಮಪ್ರಶ್ನೋತ್ತರ ಪುಸ್ತಕಗಳು, 802 ಪದಗಳ ಒಂದು ಹಸ್ತಪ್ರತಿ ಪದಕೋಶ ಮತ್ತು ಕೆಲವು ತುಣುಕುಗಳು ಅದರ ಉಳಿಕೆ. 1709–11ರ ಪ್ಲೇಗು ಅದರ ಕೊನೆಯ ಭಾಷಿಕರನ್ನು ಒಯ್ದಿತೆನ್ನುವುದು ಪ್ರಚಲಿತ ವಿವರಣೆ. ಆದರೆ ಆ ಪ್ಲೇಗಿಗೆ ಶತಮಾನಗಳ ಮೊದಲೇ ಟ್ಯೂಟಾನಿಕ್ ಯೋಧರ ವಿಜಯ ಮತ್ತು ಜರ್ಮನ್ ವಸಾಹತು ಆ ಭಾಷೆಯ ನೆಲವನ್ನು ಕಿರಿದುಗೊಳಿಸಿದ್ದವು. ಅದರ ಚರಿತ್ರೆಗೆ ‘ನೀಕ್ತಿ’ ಒಂದೇ ಸಾಕಾಗುವುದಿಲ್ಲ.

ಲಿಥುವೇನಿಯನ್ನಿನ ಸ್ವಂತ ಅನುಭವವೂ ಇದನ್ನೇ ಹೇಳುತ್ತದೆ. 1864ರಿಂದ 1904ರವರೆಗೆ ರಷ್ಯಾ ಸಾಮ್ರಾಜ್ಯ ಲ್ಯಾಟಿನ್ ಲಿಪಿಯ ಲಿಥುವೇನಿಯನ್ ಮುದ್ರಣವನ್ನು ನಿಷೇಧಿಸಿತ್ತು. ಪುಸ್ತಕಗಳು ಗಡಿಯಾಚೆಯ ಪ್ರಷ್ಯಾದಲ್ಲಿ ಅಚ್ಚಾಗಿ, ಪುಸ್ತಕ ಹೊರುವವರ ಬೆನ್ನಿನ ಮೇಲೆ ಗುಟ್ಟಾಗಿ ಒಳಬಂದವು. ಪ್ರಮಾಣಭಾಷೆಗೆ ಬುನಾದಿ ಹಾಕಿದ ಯೋನಸ್ ಯಬ್ಲೋನ್ಸ್ಕಿಸ್ ಅವರ 1901ರ ವ್ಯಾಕರಣ ಕೂಡ ಹಾಗೆ ತಿಲ್ಸಿಟ್ ಪಟ್ಟಣದಲ್ಲಿ, ಗುಪ್ತನಾಮದಲ್ಲಿ ಪ್ರಕಟವಾಯಿತು. ಆ ನಲವತ್ತು ವರ್ಷಗಳಲ್ಲಿ ಆ ಭಾಷೆ ಸೊರಗಿದ್ದಿದ್ದರೆ ಅದಕ್ಕೆ ತಕ್ಕ ಕ್ರಿಯಾಪದ ‘ನೈಕಿನ್ತಿ’ ಆಗುತ್ತಿತ್ತು. ಕಝಿಮಿಯೆರಸ್ ಬೂಗ ಆರಂಭಿಸಿದ ಬೃಹತ್ ಶಬ್ದಕೋಶದ ಕಾರ್ಯ ಅವರ ತರುವಾಯ ಮುಂದುವರಿದು, ಮೊದಲ ಸಂಪುಟ 1941ರಲ್ಲಿ, ಇಪ್ಪತ್ತನೆಯ ಹಾಗೂ ಕೊನೆಯ ಸಂಪುಟ 2002ರಲ್ಲಿ ಹೊರಬಂದವು. ಮೇಲೆ ಹೇಳಿದ ಜೋಡಿ ಕ್ರಿಯಾಪದಗಳೆಲ್ಲ ಆಕ್ರಮಣ, ಯುದ್ಧ ಮತ್ತು ಸ್ವಾತಂತ್ರ್ಯಗಳ ನಡುವೆ ಆ ಸಂಪುಟಗಳಲ್ಲಿ ಉದಾಹರಣೆಗಳೊಡನೆ ದಾಖಲಾದವು.

ನಾವೂ ಕೊರಗ ಮುಂತಾದ ನುಡಿಗಳನ್ನು ಕುರಿತು ‘ಅಳಿಯುತ್ತಿವೆ’ ಎಂದೇ ಬರೆಯುತ್ತೇವೆ. ‘ಅಳಿಸಲಾಗುತ್ತಿದೆ’ ಎಂದು ಬರೆಯುವುದು ವಿರಳ. ಯಾವುದು ಸರಿಯೆಂಬುದನ್ನು ವ್ಯಾಕರಣ ತೀರ್ಮಾನಿಸಲಾರದು. ಕ್ಷೇತ್ರಕಾರ್ಯ, ಶಾಲೆಗಳ ದಾಖಲೆ, ಜನರ ವಲಸೆಯ ವಿವರಗಳು ಅದನ್ನು ತೀರ್ಮಾನಿಸಬೇಕು. ಆದರೆ ಪ್ರಶ್ನೆಯನ್ನು ಕೇಳದೆ ಅಕರ್ಮಕವನ್ನು ಆರಿಸಿಕೊಳ್ಳುವುದು ಉತ್ತರವನ್ನು ಮೊದಲೇ ಕೊಟ್ಟಂತೆ.

8. ಉಪಸಂಹಾರ

ಈ ಹೋಲಿಕೆಯಿಂದ ಲಿಥುವೇನಿಯನ್ ಸತ್ಯವಾದಿ, ಇಂಗ್ಲಿಷ್ ಸತ್ಯವನ್ನು ಮುಚ್ಚುವ ಭಾಷೆ ಎಂಬ ತೀರ್ಮಾನಕ್ಕೆ ಬರುವುದು ತಪ್ಪಾಗುತ್ತದೆ. ಲಿಥುವೇನಿಯನ್ನಿನಲ್ಲಿಯೂ ಕರ್ಮಣಿ ಪ್ರಯೋಗವಿದೆ. ಅಲ್ಲಿಯೂ ಕರ್ತೃವನ್ನು ಬಿಟ್ಟುಬಿಡಬಹುದು. ‘ಡಿಸ್ಟ್ರಾಯ್ಡ್’ ಎಂಬ ಇಂಗ್ಲಿಷ್ ರೂಪ, ಕರ್ತೃವನ್ನು ಹೆಸರಿಸದಿದ್ದರೂ, ಒಂದು ಕಾರಣ ಇದ್ದೇ ಇದೆಯೆಂಬುದನ್ನು ಒಪ್ಪಿಕೊಳ್ಳುತ್ತದೆ. ಅಕರ್ಮಕವು ಅಷ್ಟನ್ನೂ ಒಪ್ಪಬೇಕಾಗಿಲ್ಲ. ವ್ಯತ್ಯಾಸವಿರುವುದು ಆಯ್ಕೆ ಎದುರಾಗುವ ಹಂತದಲ್ಲಿ. ಇಂಗ್ಲಿಷ್ ಬರಹಗಾರ ಕರ್ತೃವನ್ನು ಹೇಳಬೇಕೇ ಎಂದು ವಾಕ್ಯದ ಕೊನೆಯಲ್ಲಿ ಯೋಚಿಸಬಹುದು. ಲಿಥುವೇನಿಯನ್ ಬರಹಗಾರ ಕುಸಿಯಿತೋ ಕೆಡವಿದರೋ, ಭಾಗಶಃವೋ ಪೂರ್ಣವೋ ಎಂಬುದನ್ನು ಕ್ರಿಯಾಪದವನ್ನು ಆರಿಸುವಾಗಲೇ ನಿರ್ಧರಿಸಿರಬೇಕು. ಕನ್ನಡವೂ ನಮಗೆ ಆ ಅವಕಾಶವನ್ನು ಕೊಟ್ಟಿದೆ. ‘ನಾಶವಾಯಿತು’, ‘ಹಾಳಾಯಿತು’ ಎಂಬ ಸಂಯುಕ್ತ ಕ್ರಿಯಾಪದಗಳ ರೂಢಿಯಲ್ಲಿ ನಾವು ಅದನ್ನು ಹಲವೊಮ್ಮೆ ಬಳಸದೆ ಬಿಡುತ್ತೇವೆ.

ಮಹಾಪ್ರಭುಗಳ ಅರಮನೆಯ ಮರುನಿರ್ಮಾಣ 2002ರಲ್ಲಿ ಆರಂಭವಾಗಿ, 2013ರಲ್ಲಿ ಅದರ ಸಂಗ್ರಹಾಲಯ ಸಾರ್ವಜನಿಕರಿಗೆ ತೆರೆಯಿತು. ಮತ್ತೆ ಕಟ್ಟುವುದಕ್ಕೆ ಲಿಥುವೇನಿಯನ್ ಪದ ‘ಅತ್ಸ್ತತೀತಿ’. ‘ಸ್ತತೀತಿ’ ಎಂದರೆ ನಿಲ್ಲಿಸು, ಕಟ್ಟು, ‘ನಿಲ್ಲು’ ಎಂಬ ಅರ್ಥದ ‘ಸ್ತೋತಿ’ಯ ಪ್ರೇರಣಾರ್ಥಕ, ಸಂಸ್ಕೃತದ ‘ಸ್ಥಾ’ ಧಾತುವಿನ ನಂಟು. ಈ ಕ್ರಿಯೆಗೂ ಒಬ್ಬ ಕರ್ತೃ ಬೇಕು. ಮಹಾ ಸಿನಗಾಗ್ ಕುರಿತು ಆ ಕ್ರಿಯಾಪದವನ್ನು ಭೂತಕಾಲದಲ್ಲಿ ಬಳಸುವ ಸಂದರ್ಭ ಇನ್ನೂ ಬಂದಿಲ್ಲ.